ರಾಜನ ಬೆಳ್ಳಿ ಹಬ್ಬ ಮತ್ತು ಅಜ್ಜಿಯ ಮನಿಯಾರ್ಡರು

ಸಂಘದ ಬೆಳ್ಳಿ ಹಬ್ಬದ ಸಂಚಿಕೆಗೆ ಹಿಂದಿನ ಕಾಲದ ಹಣದ ವ್ಯವಹಾರದ ಬಗ್ಗೆ ನಾಲ್ಕು ಮಾತು ಬರೆಯಿರೆಂದು ಸಂಪಾದಕ ಮಂಡಳಿಯವರು ಹೇಳಿದರು. ನಾವು ಎಸ್.ಎಸ್.ಎಲ್.ಸಿ. ಓದಿ ಒಕ್ಕಲುತನ ಮಾಡುವವರು. ಹಿರಿಯರಿಂದ ಕೇಳಿದ್ದನ್ನೂ ಓದಿ ತಿಳಿದದ್ದನ್ನೂ ಕೂಡಿಸಿ ಬರೆದಿದ್ದೇವೆ. ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.

ಇಂಗ್ಲಿಷರ ಕಾಲದಲ್ಲಿ ನಮ್ಮ ಭಾಗ ಹರಿದು ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಬನಹಟ್ಟಿ ಜಮಖಂಡಿಗೆ ಸೇರಿದರೆ ಅದಕ್ಕೆ ಹತ್ತಿಕೊಂಡಿರುವ ರಬಕವಿ ಸಾಂಗಲಿಯವರದು. ಬೀಳಗಿ ಇಂಗ್ಲಿಷರ ವಿಜಾಪುರ ಜಿಲ್ಲೆಯಲ್ಲಿತ್ತು. ಟಪಾಲು ಮಾತ್ರ ಎಲ್ಲ ಕಡೆ ಒಂದೇ. ಹೈದರಾಬಾದ, ತಿರುವಾಂಕೂರಿನಂತೆ ನಮ್ಮ ಸಂಸ್ಥಾನಗಳು ಸ್ವಂತ ಅಂಚೆ ಚೀಟಿ ತರಲಿಲ್ಲ.

ಮನಿಯಾರ್ಡರು ಟಪಾಲು ಖಾತೆಗೆ ಬಂದದ್ದು 1880ರಲ್ಲಿ. ಮೊದಲು ಸರಕಾರಿ ಖಜಾನೆಗಳಲ್ಲಿ ಮಾತ್ರ ಈ ಸೌಕರ್ಯವಿತ್ತು. ಸಾಹುಕಾರರಿಗೆ ಹುಂಡಿ ಇತ್ತು, ಬಡವನಿಗೆ ಏನಿತ್ತು? ಊರ ಕಡೆ ಹೊರಟವರ ಕೈಯಲ್ಲಿ ಕೊಟ್ಟು ದೇವರ ಮೇಲೆ ಭಾರ ಹಾಕಬೇಕಿತ್ತು.

1935ರಲ್ಲಿ ಐದನೆಯ ಜಾರ್ಜ್ ರಾಜ ಪಟ್ಟಕ್ಕೆ ಬಂದು 25 ವರ್ಷವಾದಾಗ ಸರಕಾರ ಬೆಳ್ಳಿ ಹಬ್ಬದ ಏಳು ಚೀಟಿಗಳನ್ನು ಮಾರಾಟಕ್ಕಿಟ್ಟಿತು. ಅರ್ಧ ಆಣೆಯಿಂದ ಎಂಟು ಆಣೆಯವರೆಗೆ ಬೆಲೆ. ರಾಜನ ಮುಖದ ಜೊತೆ ರಾಮೇಶ್ವರದ ಗುಡಿ, ತಾಜಮಹಲು, ಅಮೃತಸರದ ಸ್ವರ್ಣಮಂದಿರ, ಬರ್ಮಾದ ಪಗೋಡ ಕೂಡ ಇದ್ದವು. ಬರ್ಮಾ ಆಗಿನ್ನೂ ಭಾರತದಲ್ಲೇ ಇತ್ತು. ಚಿತ್ರ ಚಂದ. ಆದರೆ ನಮ್ಮಂಥವರ ಮನೆಗೆ ಚಿತ್ರಕ್ಕಿಂತ ಅಂಕಿ ದೊಡ್ಡದೆಂಬುದನ್ನು ನಾವು ಅಜ್ಜಿಯಿಂದ ಕಲಿತೆವು.

ನಮ್ಮ ಅಜ್ಜ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುತ್ತಿದ್ದ. ತಿಂಗಳಿಗೊಮ್ಮೆ ಮನಿಯಾರ್ಡರು ಬರುತ್ತಿತ್ತು. ಫಾರ್ಮಿನ ಒಂದು ತುಂಡಿನಲ್ಲಿ ಅಜ್ಜ ಬರೆಸಿದ ಎರಡು ಸಾಲು ಅಜ್ಜಿಗೆ ಉಳಿಯುವುದು, ಹೆಬ್ಬೆಟ್ಟು ಒತ್ತಿದ ರಸೀದಿ ಅಜ್ಜನಿಗೆ ಮರಳುವುದು. ಹೆಬ್ಬೆಟ್ಟಿಗೆ ಸಾಕ್ಷಿ ಬೇಕು. ಓದು ಬಲ್ಲ ಒಬ್ಬರು ಸಾಕ್ಷಿ ಹಾಕಿ, ರೊಕ್ಕ ತಾವೇ ಎಣಿಸಿ ಅಜ್ಜಿಯ ಉಡಿಗೆ ಹಾಕುತ್ತಿದ್ದರು. ನಾಗರಪಂಚಮಿಗೆ ಅಜ್ಜ ಊರಿಗೆ ಬಂದಾಗ ಮಾತು ಹೊರಬಿತ್ತು.

“ಹದಿನೈದು ರೂಪಾಯಿ ಬರೋಬರಿ ಮುಟ್ಟಿದವಲ್ಲ?”

“ಹದಿಮೂರ ಬರತಿದ್ದುವರೀ.”

ರಸೀದಿಯಲ್ಲಿ ಹದಿನೈದೇ ಇತ್ತು, ಕೆಳಗೆ ಅಜ್ಜಿಯದೇ ಹೆಬ್ಬೆಟ್ಟು. ಯಾರನ್ನು ಕೇಳುವುದು? ಅಜ್ಜಿ ಜಗಳಕ್ಕೆ ಹೋಗಲಿಲ್ಲ. ಒಲೆಯ ಇದ್ದಿಲು ಹಿಡಿದು ಗೋಡೆಯ ಮೇಲೆ ಒಂದರಿಂದ ನೂರರವರೆಗೆ ಬರೆಯಲು ಕಲಿತಳು. ಮುಂದಿನ ಮನಿಯಾರ್ಡರಿಗೆ, “ತಡೀರಿ, ನಾನೂ ಎಣಸ್ತೀನಿ” ಅಂದಳಂತೆ. ಅಂದಿನಿಂದ ಹದಿನೈದು ಹದಿನೈದೇ ಆಯಿತು.

1948ರಲ್ಲಿ ಸಂಸ್ಥಾನಗಳು ವಿಲೀನವಾದವು. ಚೀಟಿಯ ಮೇಲಿನ ರಾಜನೂ ಹೋದ. 2005ರಲ್ಲಿ ನಮ್ಮ ಮುಧೋಳದ ನಾಯಿಯೇ ಅಂಚೆ ಚೀಟಿಯ ಮೇಲೆ ಬಂದಿತು! ಹಳೆಯ ಕಾಗದದ ಮನಿಯಾರ್ಡರು 2015ಕ್ಕೆ ನಿಂತಿತು. ಈಗ ರೊಕ್ಕ ಮೊಬೈಲಿನಲ್ಲೇ ಬರುತ್ತದೆ, ಆದರೂ ಓದಿ ಹೇಳುವುದು ಇನ್ನೊಬ್ಬರೇ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದು ರೈತ ಯಾರ ಮುಂದೆಯೂ ಕೈಯೊಡ್ಡಬಾರದೆಂದು. ಆದ್ದರಿಂದ ಸದಸ್ಯ ಬಾಂಧವರಲ್ಲಿ, ವಿಶೇಷವಾಗಿ ತಾಯಂದಿರಲ್ಲಿ ನಮ್ಮ ವಿನಂತಿ: ಪಾಸ್‌ಬುಕ್ಕಿನ ಅಂಕಿ ನೀವೇ ನೋಡಿರಿ, ತಿಳಿಯದಿದ್ದರೆ ಕೇಳಿರಿ. ನಾವು ಸಂಚಾಲಕರೆಂದು ಸುಮ್ಮನೆ ನಂಬಬೇಡಿರಿ. ಎಣಿಸಿಯೇ ನಂಬಿರಿ.