ಬಂಗಾಳವನ್ನು ನಾಲ್ಕು ಸಲ ಕೆಡವಿದ ಮೈಸೂರು ತಂಡ: ನಾವು ಕಟ್ಟಿದ ಬೆಲೆ ಕಡಿಮೆಯಾಯಿತೇ?

ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಗೊತ್ತಿರುವ ಮಾತು. ಪೈಲ್ವಾನ ಎಷ್ಟು ಕುಸ್ತಿ ಗೆದ್ದ ಎನ್ನುವುದಕ್ಕಿಂತ ಯಾರನ್ನು ಕೆಡವಿದ ಎನ್ನುವುದು ದೊಡ್ಡದು. ಸಣ್ಣ ಜೋಡಿಗಳನ್ನು ಹತ್ತು ಸಲ ಸೋಲಿಸಿದವನಿಗಿಂತ, ಕೊನೆಯ ಕುಸ್ತಿಯಲ್ಲಿ ಹೆಸರಾದ ಪೈಲ್ವಾನನ ಬೆನ್ನು ಮಣ್ಣಿಗೆ ಹಚ್ಚಿದವನನ್ನು ಊರು ಹೆಗಲ ಮೇಲೆ ಹೊರುತ್ತದೆ.

ನಮ್ಮ ರಾಜ್ಯದ ಫುಟ್ಬಾಲ್ ವಿಷಯದಲ್ಲಿ ಮಾತ್ರ ಲೆಕ್ಕ ಉಲ್ಟಾ ನಡೆಯುತ್ತದೆ. ಸಂತೋಷ್ ಟ್ರೋಫಿಯನ್ನು ಬಂಗಾಳ 33 ಸಲ ಗೆದ್ದಿದೆ. 33ನೆಯದು ಬಂದದ್ದು 2024ರ ಡಿಸೆಂಬರ್ 31ರಂದು, ಹೈದರಾಬಾದಿನಲ್ಲಿ, ಕೇರಳದ ವಿರುದ್ಧ 1-0 ಗೋಲಿನಿಂದ. ನಮ್ಮದು ಐದೇ: ನಾಲ್ಕು ಸಲ ಮೈಸೂರು ಎಂಬ ಹೆಸರಿನಲ್ಲಿ, ಒಂದು ಸಲ ಕರ್ನಾಟಕ ಎಂಬ ಹೆಸರಿನಲ್ಲಿ. 33ರ ಮುಂದೆ 5 ಏನು ಮಹಾ ಎಂದು ಮಾತು ಅಲ್ಲಿಗೇ ಮುಗಿಯುತ್ತದೆ.

ಆ ಹಳೆಯ ಮೈಸೂರು ತಂಡಕ್ಕೆ ತಕ್ಕ ಬೆಲೆ ಸಿಕ್ಕಿದೆಯೇ? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಮಗೆ ಈ ಪ್ರಶ್ನೆಯಲ್ಲಿ ಇನ್ನೊಂದು ಗಂಟೂ ಇದೆ. ಆ ತಂಡ ಮೊದಲೆರಡು ಸಲ ಗೆದ್ದಾಗ ನಾವು ಆ ರಾಜ್ಯದಲ್ಲೇ ಇರಲಿಲ್ಲ. ಆ ಗಂಟನ್ನು ಆಮೇಲೆ ಬಿಚ್ಚೋಣ. ಮೊದಲು ಆಟದ ಲೆಕ್ಕ.

ಆರು ಪಂದ್ಯ, ಒಂದೇ ಗೋಲು

ಸಂತೋಷ್ ಎಂದರೆ ಇಲ್ಲಿ ಖುಷಿ ಎಂದಲ್ಲ. ಅದೊಂದು ಊರು. ಇಂದಿನ ಬಾಂಗ್ಲಾದೇಶದಲ್ಲಿರುವ ಸಂತೋಷ್ ಎಂಬಲ್ಲಿನ ಜಮೀನ್ದಾರರಾಗಿದ್ದ ಸರ್ ಮನ್ಮಥನಾಥ ರಾಯ್ ಚೌಧರಿ ಅವರ ನೆನಪಿಗೆ ಈ ಟ್ರೋಫಿ 1941ರಲ್ಲಿ ಶುರುವಾಯಿತು. ರಾಜ್ಯ ತಂಡಗಳ ಜೊತೆಗೆ ರೈಲ್ವೇಸ್, ಸರ್ವಿಸಸ್ ತಂಡಗಳೂ ಆಡುತ್ತವೆ. ಈಗಿನಂತೆ ದೊಡ್ಡ ಲೀಗ್ ಇಲ್ಲದ ಆ ದಿನಗಳಲ್ಲಿ ದೇಶದ ಹೆಸರಾಂತ ಆಟಗಾರರು ತಮ್ಮ ತಮ್ಮ ರಾಜ್ಯಕ್ಕಾಗಿ ಎದುರಾಗುತ್ತಿದ್ದದ್ದು ಇಲ್ಲಿಯೇ.

ಮೈಸೂರು ಗೆದ್ದ ನಾಲ್ಕೂ ಫೈನಲ್‌ಗಳನ್ನು ಒಂದೊಂದಾಗಿ ನೋಡಿ.

1946-47, ಬೆಂಗಳೂರು: ಮೊದಲ ಪಂದ್ಯ 0-0, ಮರುಪಂದ್ಯದಲ್ಲಿ ಮೈಸೂರಿಗೆ 2-1 ಗೆಲುವು.

1952-53, ಬೆಂಗಳೂರು: ಮೈಸೂರಿಗೆ 1-0 ಗೆಲುವು.

1967-68, ಕಟಕ್: ಮೈಸೂರಿಗೆ 1-0 ಗೆಲುವು.

1968-69, ಬೆಂಗಳೂರು: ಮೊದಲ ಪಂದ್ಯ 0-0, ಮರುಪಂದ್ಯದಲ್ಲಿ ಮೈಸೂರಿಗೆ 1-0 ಗೆಲುವು.

ನಾಲ್ಕೂ ಸಲ ಎದುರಾಳಿ ಒಬ್ಬರೇ: ಬಂಗಾಳ. ಮರುಪಂದ್ಯ ಸೇರಿಸಿದರೆ ಒಟ್ಟು ಆರು ಪಂದ್ಯ. ಈ ಆರರಲ್ಲಿ ಬಂಗಾಳ ಹೊಡೆದದ್ದು ಒಂದೇ ಒಂದು ಗೋಲು.

ಇನ್ನೊಂದು ಲೆಕ್ಕ ಇದಕ್ಕಿಂತ ದೊಡ್ಡದು. ಟ್ರೋಫಿ ಶುರುವಾದಾಗಿನಿಂದ 1968-69ರವರೆಗೆ ಬಂಗಾಳ ಎಂಟು ಫೈನಲ್‌ಗಳಲ್ಲಿ ಸೋತಿದೆ. ದೆಹಲಿ, ಸರ್ವಿಸಸ್, ರೈಲ್ವೇಸ್, ಆಂಧ್ರ ಒಂದೊಂದು ಸಲ ಅದನ್ನು ಸೋಲಿಸಿದವು. ಉಳಿದ ನಾಲ್ಕು ಸೋಲು ಮೈಸೂರಿನಿಂದ. ಅಂದರೆ ಅರ್ಧ ಭಾರ ಮೈಸೂರಿನದು, ಇನ್ನರ್ಧ ಭಾರ ಉಳಿದ ದೇಶವೆಲ್ಲ ಸೇರಿ.

ಒಪ್ಪದವರ ಮಾತೂ ಕೇಳಬೇಕು

ಈ ತಂಡವನ್ನು ಅಷ್ಟೊಂದು ಹೊಗಳಬೇಕಿಲ್ಲ ಎನ್ನುವವರ ಬಳಿಯೂ ಗಟ್ಟಿ ಮಾತುಗಳಿವೆ.

ಮೊದಲನೆಯದು, ನಾಲ್ಕರಲ್ಲಿ ಮೂರು ಗೆಲುವು ಬೆಂಗಳೂರಿನಲ್ಲೇ ಬಂದವು. ತಮ್ಮ ಮಣ್ಣು, ತಮ್ಮ ಜನ. ಹೊರಗೆ ಹೋಗಿ ಗೆದ್ದದ್ದು ಕಟಕ್‌ನಲ್ಲಿ ಮಾತ್ರ. ಇದು ನಿಜ. ಆದರೆ ಅದೇ ಅವಧಿಯಲ್ಲಿ ಬಂಗಾಳ ಗೆದ್ದ 11ರಲ್ಲಿ ಐದು ಕಲ್ಕತ್ತದಲ್ಲೇ ಬಂದವು. ಸ್ವಂತ ಊರಿನ ಬಲ ಇಬ್ಬರಿಗೂ ಇತ್ತು. ಅಲ್ಲದೆ ಊರಿನ ಬಲವೊಂದೇ ಸಾಕಾಗುವುದಾದರೆ 1962-63ರಲ್ಲಿ ಬೆಂಗಳೂರಿನಲ್ಲೇ ನಡೆದ ಫೈನಲ್ಲಿನಲ್ಲಿ ಮೈಸೂರು 0-2ರಿಂದ ಬಂಗಾಳಕ್ಕೆ ಸೋಲುತ್ತಿರಲಿಲ್ಲ.

ಎರಡನೆಯದು, ಗೆದ್ದಷ್ಟೇ ಸೋತದ್ದೂ ಇದೆ. 1953-54ರಲ್ಲಿ ಕಲ್ಕತ್ತದಲ್ಲಿ, 1955-56ರಲ್ಲಿ ಎರ್ನಾಕುಲಂನಲ್ಲಿ, 1962-63ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಬಂಗಾಳದ ಎದುರೇ ಫೈನಲ್ ಸೋತಿತು. 1970-71ರಲ್ಲಿ ಪಂಜಾಬ್ ಸೋಲಿಸಿತು. ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಕೂಡಿಸಿ ನೋಡಿ: ಮೈಸೂರು ಎಂಬ ಹೆಸರಿದ್ದಷ್ಟು ಕಾಲ ಫೈನಲ್ಲಿನಲ್ಲಿ ಈ ಇಬ್ಬರೂ ಏಳು ಸಲ ಎದುರಾದರು. ಮೈಸೂರು 4, ಬಂಗಾಳ 3. 1975-76ರಲ್ಲಿ ಕರ್ನಾಟಕ ಎಂಬ ಹೊಸ ಹೆಸರಿನಲ್ಲಿ ಮತ್ತೆ ಸೋತ ಮೇಲೆ 4-4. ಕುಸ್ತಿಯ ಭಾಷೆಯಲ್ಲಿ ಹೇಳುವುದಾದರೆ ಬರಾಬರಿ. ದೇಶದಲ್ಲೇ ದೊಡ್ಡ ಪೈಲ್ವಾನನ ಜೊತೆ ಬರಾಬರಿ ನಿಂತವನನ್ನು ನಾವು "ಐದೇ ಸಲ ಗೆದ್ದವ" ಎಂದು ಮರೆತಿದ್ದೇವೆ.

ಒಳ್ಳೆಯ ಎತ್ತು ಬೇರೆ ಹೊಲಕ್ಕೆ ಹೋದಾಗ

ಬೆಲೆ ಕಡಿಮೆಯಾದದ್ದಕ್ಕೆ ಮುಖ್ಯ ಕಾರಣ, ಇಲ್ಲಿ ಬೆಳೆದ ಆಟಗಾರರು ಅಲ್ಲಿ ಹೆಸರಾದದ್ದು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು 1-2ರಿಂದ ಸೋತಿತು. ನಮ್ಮವರಲ್ಲಿ ಬಹಳ ಮಂದಿ ಬರಿಗಾಲಲ್ಲೇ ಆಡಿದ್ದರು. ಅಂದು ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಅವರನ್ನು ದೇಶ ನೆನೆಯುವುದು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ "ಪಂಚ ಪಾಂಡವ"ರಲ್ಲಿ ಒಬ್ಬರೆಂದು. 1956 ಮತ್ತು 1960ರ ಒಲಿಂಪಿಕ್ಸ್ ತಂಡಗಳಲ್ಲಿದ್ದ ಕೆಂಪಯ್ಯ, 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಇಬ್ಬರೂ ಮೈಸೂರು ರಾಜ್ಯದವರು. ಅವರ ಹೆಸರು ಕಲ್ಕತ್ತದ ಮೋಹನ್ ಬಗಾನ್ ಕ್ಲಬ್ಬಿನ ಕಥೆಯಲ್ಲಿ ಸೇರಿಹೋಯಿತು.

ಆಗ ಫುಟ್ಬಾಲಿನಲ್ಲಿ ದುಡ್ಡು, ಪತ್ರಿಕೆ, ತುಂಬಿದ ಮೈದಾನ ಇದ್ದದ್ದು ಕಲ್ಕತ್ತದಲ್ಲಿ. ಒಳ್ಳೆಯ ಎತ್ತು ಬೇರೆಯವರ ಹೊಲಕ್ಕೆ ಹೋದರೆ ಬೆಳೆ ಅವರ ಲೆಕ್ಕಕ್ಕೇ ಬೀಳುತ್ತದೆ. ಹೀಗೆ ಕೊಟ್ಟು ಕೊಟ್ಟೂ ಮೈಸೂರು ತಂಡ ಅದೇ ಬಂಗಾಳವನ್ನು ಫೈನಲ್ಲಿನಲ್ಲಿ ಸೋಲಿಸುತ್ತಿತ್ತು. 33ರ ಮುಂದೆ 5 ಎನ್ನುವ ಲೆಕ್ಕದಲ್ಲಿ ಈ ಮಾತು ಬರುವುದೇ ಇಲ್ಲ.

ಇದಕ್ಕೂ ಹಿಂದಿನ ಒಂದು ಉದಾಹರಣೆ ಇದೆ. 1911ರಲ್ಲಿ ಮೋಹನ್ ಬಗಾನ್ ಬ್ರಿಟಿಷರ ತಂಡವನ್ನು ಸೋಲಿಸಿ ಐಎಫ್ಎ ಶೀಲ್ಡ್ ಗೆದ್ದದ್ದು ಬಹಳ ಮಂದಿಗೆ ಗೊತ್ತು. ಮುಂಬೈಯಲ್ಲಿ 1891ರಲ್ಲಿ ಶುರುವಾದ ರೋವರ್ಸ್ ಕಪ್ಪನ್ನು ಮೊದಲು ಗೆದ್ದ ಭಾರತೀಯ ತಂಡ ಯಾವುದು? ಬೆಂಗಳೂರು ಮುಸ್ಲಿಮ್ಸ್. ವರ್ಷ 1937. ಮರುವರ್ಷವೂ ಅವರೇ ಗೆದ್ದರು. ನಮ್ಮ ಶಾಲೆಯ ಸಾಮಾನ್ಯ ಜ್ಞಾನದ ಪಾಠದಲ್ಲಿ ನಾವು ಈ ಹೆಸರು ಕೇಳಿದ ನೆನಪಿಲ್ಲ.

ಹೆಸರು ಬದಲಾದದ್ದೂ ಒಂದು ಕಾರಣ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಇಂದಿನ ಹುಡುಗ ಹಳೆಯ ಪಟ್ಟಿಯಲ್ಲಿ "ಮೈಸೂರು" ಎಂದು ಓದಿದರೆ ಅದು ಅರಮನೆಯ ಊರಿನ ತಂಡ ಎಂದುಕೊಳ್ಳುತ್ತಾನೆ.

ಅದು ನಮ್ಮ ತಂಡವೇ?

ಈಗ ಗಂಟು ಬಿಚ್ಚುವ ಹೊತ್ತು. 1946-47ರಲ್ಲಿ ಬಿಜಾಪುರ ಜಿಲ್ಲೆ ಇದ್ದದ್ದು ಮುಂಬೈ ಪ್ರಾಂತದಲ್ಲಿ. 1952-53ರಲ್ಲೂ ಮುಂಬೈ ರಾಜ್ಯದಲ್ಲೇ. ಮೈಸೂರಿಗೆ ನಾವು ಸೇರಿದ್ದು 1956ರ ನವೆಂಬರ್ 1ರಂದು. ಕಾಗದದ ಲೆಕ್ಕದಲ್ಲಿ ಆಗ ನಮ್ಮ ತಂಡ ಮುಂಬೈ. ಆ ಮುಂಬೈ ತಂಡ 1945-46, 1947-48, 1951-52ರ ಫೈನಲ್‌ಗಳಲ್ಲಿ ಮೂರಕ್ಕೆ ಮೂರೂ ಸಲ ಬಂಗಾಳಕ್ಕೆ ಸೋತಿತು. ಅಷ್ಟು ದೊಡ್ಡ ಮುಂಬೈಗೆ ಆಗದ್ದು ಮೈಸೂರಿಗೆ ಆಯಿತು.

ಅಷ್ಟೇ ಅಲ್ಲ. ಬೆಂಗಳೂರಿನ ಫುಟ್ಬಾಲಿನ ಬೇರು ಇದ್ದದ್ದು ದಂಡು ಪ್ರದೇಶದಲ್ಲಿ, ಅಂದರೆ ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆ. ಅಲ್ಲಿನ ಹುಡುಗರು ಬ್ರಿಟಿಷ್ ಸಿಪಾಯಿಗಳ ಆಟ ನೋಡಿ ಕಲಿತರು. 1947ರವರೆಗೆ ಆ ದಂಡು ಕೂಡ ಮಹಾರಾಜರ ಆಡಳಿತದಲ್ಲಿ ಇರಲಿಲ್ಲ, ಬ್ರಿಟಿಷರ ಕೈಯಲ್ಲಿತ್ತು. ಆಟಗಾರರ ಮನೆಮಾತು ಕೂಡ ಒಂದೇ ಅಲ್ಲ: ತಮಿಳು, ಉರ್ದು, ಕನ್ನಡ, ತೆಲುಗು. ಗಡಿ, ಭಾಷೆ ಹಿಡಿದು ಸೋಸಲು ಹೊರಟರೆ ತಂಡದಲ್ಲಿ ಹನ್ನೊಂದು ಮಂದಿ ಉಳಿಯುವುದಿಲ್ಲ. ಆದ್ದರಿಂದ ನಾವು ಆ ನಾಲ್ಕೂ ಗೆಲುವನ್ನು ನಮ್ಮವೆಂದೇ ಎಣಿಸುತ್ತೇವೆ.

ಆದರೆ ಇಲ್ಲೇ ನಾವು ಕಹಿ ಮಾತೊಂದನ್ನೂ ಹೇಳಬೇಕು. ತಂಡಕ್ಕೆ ಬೆಲೆ ಕಡಿಮೆ ಕಟ್ಟಿದೆವು, ನಿಜ. ರಾಜ್ಯಕ್ಕೆ ಮಾತ್ರ ಹೆಚ್ಚು ಕಟ್ಟಿದೆವು. "ಕರ್ನಾಟಕ ಫುಟ್ಬಾಲ್ ರಾಜ್ಯ" ಎಂದು ಹೇಳಿಕೊಂಡದ್ದು ಬಹುಪಾಲು ಬೆಂಗಳೂರಿನ ಕೆಲವು ಬೀದಿಗಳ, ಅಲ್ಲಿನ ಕಾರ್ಖಾನೆ ತಂಡಗಳ ಬಲದ ಮೇಲೆ. ಕಲ್ಕತ್ತ ನಮ್ಮವರನ್ನು ಸೆಳೆದುಕೊಂಡಾಗ ಅವರ ಜಾಗ ತುಂಬಲು ಹಿಂದೆ ಇಡೀ ರಾಜ್ಯ ಇರಲಿಲ್ಲ. 1968-69ರ ನಂತರ ಮುಂದಿನ ಟ್ರೋಫಿಗೆ 54 ವರ್ಷ ಕಾಯಬೇಕಾಯಿತು.

ಆ ದಿನ ಬಂದದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಸಂತೋಷ್ ಟ್ರೋಫಿಯ ಕೊನೆಯ ಪಂದ್ಯಗಳು ಹೊರದೇಶದಲ್ಲಿ ನಡೆದದ್ದು ಅದೇ ಮೊದಲು. ರವಿ ಬಾಬು ರಾಜು ತರಬೇತಿಯ ಕರ್ನಾಟಕ ಸೆಮಿಫೈನಲ್ಲಿನಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ, ಫೈನಲ್ಲಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿತು. ಫೈನಲ್ಲಿನಲ್ಲಿ ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕಿ ಓರಾಂ, ರಾಬಿನ್ ಯಾದವ್. "ಇವರಲ್ಲಿ ನಮ್ಮವರೆಷ್ಟು?" ಎಂಬ ಕೊಂಕು ಯಾರಾದರೂ ತೆಗೆದರೆ, ರಾಮನ್, ಅಹ್ಮದ್ ಖಾನ್, ಅರುಮೈನಾಯಗಂ ಅವರ ಹೆಸರು ನೆನಪಿಸಿದರೆ ಸಾಕು. ನಮಗಿರುವ ಪ್ರಶ್ನೆ ಬೇರೆ: ನಮ್ಮ ಕಡೆಯ ಹುಡುಗರು ಅಲ್ಲಿಗೆ ಮುಟ್ಟುವ ದಾರಿ ಎಲ್ಲಿದೆ?

ಬಲ ಇಲ್ಲವೆಂದಲ್ಲ. ಸೈಕಲ್ ಓಟದಲ್ಲಿ ವಿಜಯಪುರ, ಬಾಗಲಕೋಟೆ ಕಡೆಯ ರೈತರ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕ ತಂದಿದ್ದಾರೆ. ಅಲ್ಲಿ ಹಾಸ್ಟೆಲ್ ಇತ್ತು, ತರಬೇತುದಾರರಿದ್ದರು, ದೊಡ್ಡವರು ಓಡಿಸುವುದನ್ನು ಸಣ್ಣವರು ನೋಡಿ ಕಲಿತರು. ದಂಡಿನ ಬೀದಿಗಳಲ್ಲಿ ಫುಟ್ಬಾಲ್ ಬೆಳೆದದ್ದೂ ಹೀಗೆಯೇ. ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ, ಅಲ್ಲಿ ಫುಟ್ಬಾಲ್ ನಡೆಯುತ್ತದೆ. ಅದು ಶಾಲೆಯ ಕಾಂಪೌಂಡ್ ದಾಟಿ ನಮ್ಮ ಊರುಗಳಿಗೆ ಬರಲಿಲ್ಲ. ನಮ್ಮಲ್ಲಿ ಕಬಡ್ಡಿ, ಖೋ-ಖೋ, ವಾಲಿಬಾಲ್ ಇವೆ, ಟೆನಿಸ್ ಬಾಲ್ ಕ್ರಿಕೆಟ್ ಇದೆ. ಬಹಳ ಊರುಗಳ ಶಾಲೆಯ ಅಂಗಳದಲ್ಲಿ ಫುಟ್ಬಾಲಿನ ಗೋಲ್ ಕಂಬವೇ ಇಲ್ಲ. ಇದ್ದರೂ ಆಯ್ಕೆ ನಡೆಯುವ ಬೆಂಗಳೂರು ಸುಮಾರು 500 ಕಿಲೋಮೀಟರ್ ದೂರ. ಒಂದು ದಿನದ ಆಯ್ಕೆಗೆ ಎರಡು ರಾತ್ರಿಯ ಬಸ್ಸು, ಊಟ, ವಸತಿ. ಕೂಲಿ ಮಾಡುವ ಮನೆಯವರು ಇದನ್ನು ಹೇಗೆ ಹೊಂದಿಸಬೇಕು?

ಹಾಗಾಗಿ ನಮ್ಮ ತೀರ್ಮಾನ ಇಷ್ಟು. ಮೈಸೂರು ತಂಡಕ್ಕೆ ಸಿಗಬೇಕಾದ ಬೆಲೆ ಸಿಗಲಿಲ್ಲ. ಗೆದ್ದ ಸಲಗಳನ್ನಷ್ಟೇ ಎಣಿಸಿ, ಯಾರನ್ನು ಗೆದ್ದರು ಎಂದು ನೋಡದೆ ಹೋದದ್ದು ನಮ್ಮ ತಪ್ಪು. ಆ ಬೆಲೆ ತೀರಿಸುವ ದಾರಿ ಹಳೆಯ ಹೆಸರು ನೆನೆಯುವುದಷ್ಟೇ ಅಲ್ಲ. ಮುಂದಿನ ಸಲ ಸಂತೋಷ್ ಟ್ರೋಫಿಗೆ ಕರ್ನಾಟಕದ ತಂಡ ಪ್ರಕಟವಾದಾಗ ಆಟಗಾರರ ಹೆಸರಿನ ಜೊತೆ ಊರಿನ ಹೆಸರೂ ಹುಡುಕಿ ನೋಡಿ. ನಮ್ಮ ನಾಲ್ಕು ತಾಲೂಕುಗಳಲ್ಲಿ ಯಾವುದಾದರೂ ಒಂದರ ಹೆಸರು ಅಲ್ಲಿ ಕಾಣುವವರೆಗೆ, ಗ್ರಾಮ ಪಂಚಾಯಿತಿ ಸಭೆಯಲ್ಲಿ ಶಾಲೆಯ ಅಂಗಳಕ್ಕೆ ಎರಡು ಗೋಲ್ ಕಂಬ ಕೇಳುತ್ತಲೇ ಇರೋಣ.