ಉಪ್ಪಾಗೆ: ಸಾರಿಗೆ ಹುಳಿ, ಹೊಟ್ಟೆಗೆ ಮದ್ದು, ಮಾತ್ರೆಯಾದರೆ ಎಚ್ಚರ

ಜೋಯಿಡಾ: ಮಳೆ ಹಿಡಿದ ಮೇಲೆ ಕಾಡಿನಲ್ಲಿ ಹಳದಿ ಹಣ್ಣು ಉದುರತೊಡಗಿದರೆ ಉಪ್ಪಾಗೆ ಕಾಲ ಬಂತು ಅಂತಲೇ ಲೆಕ್ಕ. ಘಟ್ಟದ ನಿತ್ಯಹಸಿರು ಕಾಡಿನ ಈ ಮರ ಜೋಯಿಡಾ ಕಡೆಯ ತಂಪು ಕಾಡಿಗೆ ಒಗ್ಗುತ್ತದೆ. ಹಳಿಯಾಳ, ಮುಂಡಗೋಡದ ಒಣ ಸೀಮೆಯಲ್ಲಿ ಕಾಣುವುದು ಕಡಿಮೆ.

ಗುರುತು ಹೇಗೆ?
ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಗಾರ್ಸಿನಿಯಾ ಗಮ್ಮಿ-ಗುಟ್ಟಾ. ಮುರುಗಲು ಇದರ ದಾಯಾದಿ. ಮುರುಗಲು ಹಣ್ಣು ನುಣುಪು, ಕಡುಗೆಂಪು, ಬೇಸಿಗೆಯಲ್ಲಿ ಮಾಗುತ್ತದೆ. ಉಪ್ಪಾಗೆ ಪುಟ್ಟ ಕುಂಬಳಕಾಯಿಯಂತೆ ಏಣು ಏಣಾಗಿದ್ದು, ಮಳೆಗಾಲದಲ್ಲಿ ಹಳದಿಯಾಗುತ್ತದೆ. ಸಾಮಾನ್ಯವಾಗಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ.

ಅಡುಗೆ, ಮನೆಮದ್ದು
ಒಣಗಿಸಿದ ಸಿಪ್ಪೆಯನ್ನು ಹುಣಸೆಹಣ್ಣಿನ ಬದಲು ಸಾರಿಗೆ, ಮೀನಿನ ಪದಾರ್ಥಕ್ಕೆ ಹಾಕುತ್ತಾರೆ. ಕೊಡಗಿನ ಕಾಚಂಪುಳಿಯೂ ಇದೇ ಹಣ್ಣಿನ ರಸ ಕುದಿಸಿ ಮಾಡುವಂಥದ್ದು. ಹೊಟ್ಟೆಯ ತೊಂದರೆ, ವಾತದ ನೋವಿಗೆ ಸಿಪ್ಪೆಯ ಕಷಾಯ ಹಿಂದಿನಿಂದ ಬಂದ ಮದ್ದು. ದನಗಳ ಬಾಯಿಹುಣ್ಣು ತೊಳೆಯಲೂ ಅದನ್ನೇ ಬಳಸುತ್ತಿದ್ದರು. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ತಣಿದು ಗಟ್ಟಿಯಾದ ಇದೇ ಉಪ್ಪಾಗೆ ತುಪ್ಪ. ಮಲೆನಾಡಿನ ಮನೆಗಳಲ್ಲಿ ಅಡುಗೆಗೆ ಬಳಕೆ.

ತೂಕ ಇಳಿಸುತ್ತದೆಯೇ?
ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರದಿಂದ 1990ರ ದಶಕದಲ್ಲಿ ಹೊರದೇಶದ ಬೇಡಿಕೆ ಏರಿತು. ಪೈಪೋಟಿಯಲ್ಲಿ ಕಾಯಿ ಮಾಗುವ ಮೊದಲೇ ಕೊಯ್ದರು, ಕೊಂಬೆಗಳನ್ನೇ ಕಡಿದರು. ಮಳೆಯಲ್ಲಿ ಬಿಸಿಲಿಲ್ಲದೆ ಸಿಪ್ಪೆ ಒಣಗಿಸಲು ರಾಶಿಗಟ್ಟಲೆ ಕಟ್ಟಿಗೆ ಸುಟ್ಟರು.

ಆದರೆ 1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ ಬಂದ ಅಧ್ಯಯನದಲ್ಲಿ 135 ಜನರನ್ನು 12 ವಾರ ಪರೀಕ್ಷಿಸಿದಾಗ, ಇದನ್ನು ನುಂಗಿದವರಿಗೂ ಹುಸಿ ಮಾತ್ರೆ ನುಂಗಿದವರಿಗೂ ತೂಕ ಇಳಿಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆ ತೆಗೆದುಕೊಂಡವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಸಾರಿಗೆ ಹಾಕುವ ಎರಡು ಎಸಳು ಬೇರೆ, ಸಾಂದ್ರಗೊಳಿಸಿದ ಮಾತ್ರೆ ಬೇರೆ. ಗರ್ಭಿಣಿಯರು, ಯಕೃತ್ತಿನ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮಾತ್ರೆ ನುಂಗಬಾರದು.

ಕೊಯ್ಯುವವರಿಗೆ
ಮಾಗಿ ಬಿದ್ದ ಹಣ್ಣನ್ನೇ ಆರಿಸಿ, ಕೊಂಬೆ ಕಡಿಯಬೇಡಿ. ಒಂದಿಷ್ಟು ಹಣ್ಣನ್ನು ಮರದ ಬುಡದಲ್ಲೇ ಬಿಡಿ. ಬೀಜ ಮೊಳೆಯಲು ತಿಂಗಳುಗಳೇ ಬೇಕು. ದಾಂಡೇಲಿ, ಜೋಯಿಡಾ ಭಾಗದ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಅನುಮತಿ ಇಲ್ಲದೆ ಕಾಡಿನ ಉತ್ಪನ್ನ ತೆಗೆಯುವಂತಿಲ್ಲ. ಬೆಟ್ಟ, ತೋಟದ ಬದಿಯಲ್ಲಿ ನಾಲ್ಕು ಸಸಿ ನೆಟ್ಟುಕೊಂಡರೆ ಕಾಡಿನ ಮೇಲಿನ ಹೊರೆಯೂ ತಗ್ಗುತ್ತದೆ.