ಬಾಯ್ಮಾತಿನ ಇತಿಹಾಸಕ್ಕೆ ಒರೆಗಲ್ಲು

ಪುಣೆ–ಸೊಲ್ಲಾಪುರ ಹೆದ್ದಾರಿಯ ಮೇಲೆ, ದೌಂಡ ತಾಲೂಕಿಗೆ ಸೇರಿದ ಕುರಕುಂಭವು ಫಿರಂಗಾಯಿ ದೇವಿಯ ಕ್ಷೇತ್ರವೂ ಹೌದು, ರಾಸಾಯನಿಕ ಕಾರ್ಖಾನೆಗಳ ವಸಾಹತೂ ಹೌದು. ಇಂತಹ ಊರಿನ ಇತಿಹಾಸವನ್ನು ಬರೆಯಹೊರಟವನಿಗೆ ಜಮೀನಿನ ದಾಖಲೆಗಳೂ ಕಾರ್ಖಾನೆಗಳ ಅಂಕಿಸಂಖ್ಯೆಗಳೂ ದೊರೆತಾವು. ಆದರೆ ಹೊಲವನ್ನು ಬಿಟ್ಟುಕೊಟ್ಟವರಾಗಲಿ ದುಡಿಮೆಯನ್ನರಸಿ ಬಂದವರಾಗಲಿ ಈ ಮಾರ್ಪಾಟನ್ನು ಹೇಗೆ ಅರ್ಥೈಸಿಕೊಂಡರೆಂಬುದನ್ನು ಅವರ ಮಾತಿನಿಂದಲೇ ತಿಳಿಯಬೇಕು. ಆ ಮಾತುಗಳು ಒಂದಕ್ಕೊಂದು ಹೊಂದದಿದ್ದಾಗ ಬರವಣಿಗೆಯ ಯೋಗ್ಯತೆಯನ್ನು ತೂಗುವುದೆಂತು? ಹೊರನಾಡ ಕನ್ನಡಿಗರ ಚರಿತ್ರೆಯ ಬಹುಭಾಗವು ಹಿರಿಯರ ನೆನಪಿನಲ್ಲಿಯೇ ಉಳಿದಿರುವುದರಿಂದ ಈ ಪ್ರಶ್ನೆ ನಮ್ಮದೂ ಆಗಿದೆ.

ಸಾಮಾಜಿಕ ಸತ್ಯವನ್ನು ಜನರು ತಮ್ಮ ತಮ್ಮ ಅನುಭವದಿಂದ ಕಟ್ಟಿಕೊಳ್ಳುತ್ತಾರೆಂಬುದು ರಚನಾವಾದಿಗಳ ಮತ. ಆ ಪಂಥದ ಅಮೆರಿಕನ್ ವಿದ್ವಾಂಸರಾದ ಲಿಂಕನ್ ಮತ್ತು ಗೂಬಾ 1985ರಲ್ಲಿ ನಾಲ್ಕು ನಿಕಷಗಳನ್ನು ಮುಂದಿಟ್ಟರು. ಬರೆದುದು ಹೇಳಿದವರಿಗೆ ಒಪ್ಪಿಗೆಯಾಗಬೇಕು. ಅನ್ಯತ್ರ ಅನ್ವಯಿಸೀತೇ ಎಂದು ಓದುಗನೇ ನಿರ್ಣಯಿಸುವಷ್ಟು ವಿವರವಿರಬೇಕು. ಸಂಶೋಧನೆ ನಡೆದ ದಾರಿ ಪರೀಕ್ಷೆಗೆ ತೆರೆದಿರಬೇಕು. ತೀರ್ಮಾನವು ಸಾಮಗ್ರಿಯಿಂದ ಹುಟ್ಟಿರಬೇಕೇ ಹೊರತು ಸಂಶೋಧಕನ ಒಲವಿನಿಂದಲ್ಲ. ಮುಂದೆ ಅವರು ಬೇರೆ ಕೆಲವು ನಿಕಷಗಳನ್ನೂ ಸೇರಿಸಿದರು. ಅವುಗಳಲ್ಲಿ ಮೊದಲನೆಯದು ನ್ಯಾಯ, ಎಂದರೆ ಭಿನ್ನ ಪಕ್ಷಗಳೆಲ್ಲಕ್ಕೂ ಸಮತೂಕದ ಸ್ಥಾನ.

ಈ ನಿಕಷಗಳು ಹುಟ್ಟುವ ಮೊದಲೇ ರಚಿತವಾದ ನಮ್ಮವರ ಕೃತಿಯೊಂದನ್ನು ಇವುಗಳಿಗೆ ತಿಕ್ಕಿ ನೋಡಬಹುದು. ಮೈಸೂರಿನ ಎಂ. ಎನ್. ಶ್ರೀನಿವಾಸರು ತಾವು ರಾಂಪುರವೆಂದು ಕರೆದ ಹಳ್ಳಿಯಲ್ಲಿ 1948ರಲ್ಲಿ ನೆಲಸಿ ಅಧ್ಯಯನ ಮಾಡಿದರು. 1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ, ಅವರು ವರ್ಷಗಟ್ಟಲೆ ಪರಿಷ್ಕರಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಆಹುತಿಯಾದವು. ಮುಖ್ಯವಾಗಿ ನೆನಪನ್ನೇ ನಂಬಿ ಬರೆದ ಅವರ ಗ್ರಂಥವು 1976ರಲ್ಲಿ ಹೊರಬಂದಿತು.

ಹೀಗಾಗಿ ಆ ಗ್ರಂಥದ ಹೇಳಿಕೆಗಳನ್ನು ಟಿಪ್ಪಣಿಗಳೊಡನೆ ಹೋಲಿಸಿ ನೋಡುವುದು ಕಷ್ಟ. ಆದರೆ ಅದು ಹೇಗೆ ಹುಟ್ಟಿತೆಂಬುದನ್ನು ಅವರು ಮುಚ್ಚಿಡಲಿಲ್ಲ. ತಾವು ಹಳ್ಳಿಯನ್ನು ಕಂಡದ್ದು ಹೆಚ್ಚಾಗಿ ಭೂಮಿಯುಳ್ಳ ಮೇಲುಜಾತಿಯವರ ನಡುವೆ ನಿಂತು ಎಂಬುದನ್ನೂ ಒಪ್ಪಿಕೊಂಡರು. ಅವರ ಪ್ರಾಮಾಣಿಕತೆ ಶ್ಲಾಘ್ಯವೇ ಸರಿ. ಆದರೂ ನ್ಯಾಯದ ನಿಕಷದಲ್ಲಿ ಕೊರತೆ ನೀಗಲಿಲ್ಲ. ಸುಟ್ಟ ಟಿಪ್ಪಣಿಯನ್ನು ನೆನಪು ಒಂದಿಷ್ಟು ತುಂಬಿಕೊಟ್ಟೀತು. ಸಾಕಷ್ಟು ಕೇಳದೆ ಬಿಟ್ಟ ದನಿಯನ್ನು ಯಾವ ಟಿಪ್ಪಣಿಯೂ ತುಂಬಿಕೊಡಲಾರದು.

ಕುರಕುಂಭದ ಇತಿಹಾಸಕಾರನನ್ನೂ ನಮ್ಮ ಸಂಘಗಳ ಚರಿತ್ರೆಯನ್ನು ಬರೆಯುವವರನ್ನೂ ಆದುದರಿಂದ ಕೇಳಬೇಕಾದ ಪ್ರಶ್ನೆ ಎಷ್ಟು ಮಂದಿಯನ್ನು ಕಂಡಿರಿ ಎಂಬುದಷ್ಟೇ ಅಲ್ಲ. ಯಾರ ಮನೆಯಲ್ಲಿ ಇಳಿದುಕೊಂಡಿದ್ದಿರಿ, ಯಾರ ಬಾಗಿಲಿಗೆ ಹೋಗಲಿಲ್ಲ, ಬರೆದುದನ್ನು ಅವರಿಗೆ ಓದಿ ಹೇಳಿದಿರಾ ಎಂಬುದನ್ನೂ ಕೇಳಬೇಕು.